ಗೊತ್ತಿಲ್ಲ ಎನ್ನುವ ಪರದೆ

ರೇವವ್ವನ ಬಲಗೈಯ ಎರಡು ಬೆರಳು ಹೋದದ್ದು ಎರಡು ಸಾವಿರದ ಐದನೆಯ ಇಸವಿಯ ಶ್ರಾವಣದಲ್ಲಿ. ಸಿಂದಗಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ಹಳ್ಳಿ ಅವಳದು. ಕುರಿಮರಿಗಳಿಗೆ ಹಾಕಲೆಂದು ಬಣವೆಯೊಳಗೆ ಕೈಯಿಟ್ಟು ಕಣಿಕೆ ಎಳೆಯುವಾಗ ಕೊಳಕಮಂಡಲ ಹಾವು ಕಚ್ಚಿತು. ಗಂಡ ಚಂದಪ್ಪ ಕುರಿ ಹೊಡೆದುಕೊಂಡು ಹೊಳೆಯ ಕಡೆಗೆ ಹೋಗಿದ್ದ. ಓಣಿಯ ಇಬ್ಬರು ಅವಳನ್ನು ಮೋಟಾರ್‌ಸೈಕಲ್ಲಿನ ನಡುವೆ ಕೂಡಿಸಿಕೊಂಡು ಹೊರಟರು. ಮೊದಲ ದವಾಖಾನೆಯಲ್ಲಿ ಹಾವಿನ ಇಂಜೆಕ್ಷನ್ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಬಿಜಾಪುರ ಮುಟ್ಟುವಷ್ಟರಲ್ಲಿ ಕೈ ಮೊಣಕೈವರೆಗೆ ಬಾತು ಕಪ್ಪಾಗಿತ್ತು. ಜೀವ ಉಳಿಯಿತು, ಎರಡು ಬೆರಳು ಉಳಿಯಲಿಲ್ಲ.

ಮಗಳು ರೇಣುಕಾ ಆಗ ಬಿಜಾಪುರದ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದಳು. ಕುರುಬರ ಮನೆಯಿಂದ ಅಷ್ಟು ಓದಿದ ಮೊದಲ ಹುಡುಗಿ. ಸುದ್ದಿ ಕೇಳಿ ಆಸ್ಪತ್ರೆಗೆ ಓಡಿಬಂದವಳಿಗೆ ತಾಯಿ ಮೂರು ದವಾಖಾನೆ ತಿರುಗಿದ್ದಷ್ಟೇ ತಿಳಿಯಿತು. ಎರಡನೆಯದಕ್ಕೆ ಯಾಕೆ ಹೋದರು, ಯಾರು ಕಳಿಸಿದರು ಎಂದು ಅವಳೂ ಕೇಳಲಿಲ್ಲ, ರೇವವ್ವನೂ ಹೇಳಲಿಲ್ಲ.

ಓದು ಮುಗಿದ ಮೇಲೆ ರೇಣುಕಾ ಸಿಂದಗಿಯ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಕಲಿಸುವ ಕೆಲಸಕ್ಕೆ ಸೇರಿದಳು. ಕೇಂದ್ರದ ಒಡೆಯ ಶ್ರೀಶೈಲ ಬಸವನ ಬಾಗೇವಾಡಿಯವನು, ಕಾಳುಕಡಿ ವ್ಯಾಪಾರದ ಹಳೆಯ ಮನೆತನ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಹೀಗೆ ನಾಲ್ಕೂ ಕಡೆ ಅವನ ಕೇಂದ್ರಗಳಿದ್ದವು. ತಂದೆ ಮಡಿವಾಳಪ್ಪನವರು ಕಟ್ಟಿದ ಟ್ರಸ್ಟನ್ನು ಈಗ ಅವನೇ ನಡೆಸುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಬೇಸಿಗೆಯಲ್ಲಿ ಬಸ್ ನಿಲ್ದಾಣಗಳಲ್ಲಿ ನೀರಿನ ಅರವಟಿಗೆ ಇಡಿಸುತ್ತಿದ್ದ, ಕಣ್ಣಿನ ಶಿಬಿರ ಮಾಡಿಸುತ್ತಿದ್ದ. ಮಾಡಿದ್ದು ನಾಲ್ಕು ಜನರಿಗೆ ಕಾಣಬೇಕು ಎನ್ನುವ ಆತುರ ಮಾತ್ರ ಜಾಸ್ತಿ.

ಎರಡು ಸಾವಿರದ ಎಂಟರ ಮೇ ತಿಂಗಳಲ್ಲಿ ಅವನು ಕೇಂದ್ರಗಳ ಶಿಕ್ಷಕರನ್ನೆಲ್ಲ ಕರೆದು, ಈಗ ಕುರಿ ಕಾಯುವವನ ಕಿಸೆಯಲ್ಲೂ ಮೊಬೈಲು ಬಂದಿದೆ, ಈ ಭಾಗದಲ್ಲಿ ಯಾರೂ ಮಾಡದ ಒಂದು ಮೊಬೈಲ್ ಪ್ರೋಗ್ರಾಮು ನಮ್ಮ ಟ್ರಸ್ಟಿನಿಂದ ಆಗಬೇಕು ಎಂದ. ಟ್ರಸ್ಟಿಗೆ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಆಗಸ್ಟ್ ಹದಿನೈದರಂದು ಮಂತ್ರಿಯೊಬ್ಬರು ಬಂದು ಗುಂಡಿ ಒತ್ತಿ ಉದ್ಘಾಟನೆ ಮಾಡಬೇಕು. ಏನು ಮಾಡಬೇಕೆಂದು ಎಲ್ಲರೂ ಒಂದೊಂದು ಹಾಳೆ ಬರೆದು ಕೊಡಿ ಎಂದ.

ಉಳಿದವರು ಜಾತಕ, ಪಂಚಾಂಗ, ಪರೀಕ್ಷೆಯ ಪ್ರಶ್ನೆಗಳು ಎಂದು ಬರೆದರು. ರೇಣುಕಾ ಬರೆದದ್ದು ಆರು ಸಾಲು. ಹಾವು ಕಚ್ಚಿದಾಗ ಈ ಹೊತ್ತಿನಲ್ಲಿ ಇಂಜೆಕ್ಷನ್ ಯಾವ ದವಾಖಾನೆಯಲ್ಲಿದೆ ಎಂದು ಮೊಬೈಲು ಹೇಳಬೇಕು. ಶ್ರೀಶೈಲ ಎರಡು ಸಲ ಓದಿ, ಇದೇ ಆಗಲಿ ಎಂದ. ಬಿಜಾಪುರದ ಅಮಿತ ಎಂಬ ತರುಣ ಜಾವಾ ಬಲ್ಲವನು, ಪ್ರೋಗ್ರಾಮು ಅವನು ಬರೆಯುವುದು. ಅದರಲ್ಲಿ ಏನೇನಿರಬೇಕು ಎಂದು ಮೊದಲು ರೇಣುಕಾ ಬರೆದು ಕೊಡುವುದು. ಅವಳಿಗೆ ಹದಿನೈದು ದಿನ ಸಾಕು ಎಂದು ಅವನ ಲೆಕ್ಕ. ಅವಳು ಎರಡು ತಿಂಗಳು ಕೇಳಿದಳು. ಅಡಿಪಾಯಕ್ಕೇ ಎರಡು ತಿಂಗಳಾದರೆ ಮನೆ ಕಟ್ಟುವುದು ಯಾವಾಗ ಎಂದು ಅವನು ನಕ್ಕ. ಕೊನೆಗೆ ಜುಲೈ ಅಖೇರಿಯವರೆಗೆ ಒಪ್ಪಿದ.

ಟ್ರಸ್ಟಿನವರು ಕೊಟ್ಟ ಚೌಕುಳಿ ಗೆರೆಯ ದೊಡ್ಡ ವಹಿಯಲ್ಲಿ ರೇಣುಕಾ ಕೆಲಸ ಶುರುಮಾಡಿದಳು. ಮೊಬೈಲಿನ ಪರದೆಯ ಅಳತೆಗೆ ಹಾಳೆ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಪರದೆ ಬರೆದಳು. ಶ್ರೀಶೈಲ ಹೇಳಿದಂತೆ ಏಳು ಪರದೆಗಳು. ಮೊದಲನೆಯದು ಸ್ವಾಗತ, ಎರಡನೆಯದು ಮಡಿವಾಳಪ್ಪನವರ ಭಾವಚಿತ್ರ, ಮೂರನೆಯದು ಅಧ್ಯಕ್ಷರ ಸಂದೇಶ, ಆಮೇಲೆ ತಾಲ್ಲೂಕು, ಹೋಬಳಿ, ಹಳ್ಳಿ, ಕೊನೆಗೆ ದವಾಖಾನೆ. ರಟ್ಟಿನ ತುಂಡಿಗೆ ಗುಂಡಿಗಳ ಚಿತ್ರ ಅಂಟಿಸಿ ಸುಳ್ಳು ಮೊಬೈಲೊಂದನ್ನು ಮಾಡಿದಳು. ರವಿವಾರ ಊರಿಗೆ ಹೋದಾಗ ಅದನ್ನು ತಾಯಿಯ ಕೈಗೆ ಕೊಟ್ಟು, ಈಗ ನಿನಗೆ ಹುಳ ಮುಟ್ಟಿದೆ ಎಂದುಕೋ, ಒತ್ತು ಎಂದಳು. ಹಾವು ಕಚ್ಚಿತು ಎನ್ನದೆ ಹುಳ ಮುಟ್ಟಿತು ಎನ್ನುವುದು ಆ ಕಡೆಯ ರೂಢಿ.

ರೇವವ್ವ ರಟ್ಟನ್ನು ಬಲಗೈಯಲ್ಲಿ ಹಿಡಿಯಲು ಹೋಗಿ, ಆಗದೆ ಎಡಗೈಗೆ ತೆಗೆದುಕೊಂಡಳು. ಅವಳು ಒತ್ತಿದಂತೆ ರೇಣುಕಾ ಹಾಳೆ ಬದಲಿಸುತ್ತ ಹೋದಳು. ಎರಡನೆಯ ಹಾಳೆಗೆ ಬಂದು ರೇವವ್ವ ನಿಂತಳು. ಇವರು ಯಾರು ಎಂದು ಕೇಳಿದಳು. ಟ್ರಸ್ಟಿನ ದೊಡ್ಡವರು ಎಂದು ರೇಣುಕಾ ಹೇಳಿದಳು.

"ಇವರ ಹಂತೇಕ ಸೂಜಿ ಐತೇನು?"

"ಇಲ್ಲವ್ವ."

"ಮತ್ತ ಇವರ ಮಾರಿ ನೋಡ್ಕೋತ ನಾ ಯಾಕ ನಿಂದರ್ಲಿ?"

ಹಳ್ಳಿಯ ಹೆಸರು ಹುಡುಕುವ ಪರದೆಗೆ ಬಂದಾಗ ಅವಳು ರಟ್ಟನ್ನು ಕಟ್ಟೆಯ ಮೇಲಿಟ್ಟುಬಿಟ್ಟಳು. ನನಗೆ ಓದಲು ಬರುವುದಿಲ್ಲ, ಬಂದರೂ ಆ ಹೊತ್ತಿಗೆ ಕಣ್ಣು ಮಂಜಾಗಿದ್ದವು ಎಂದಳು. ರೇಣುಕಾ ಆ ಮಾತನ್ನು ವಹಿಯಲ್ಲಿ ಹಾಗೆಯೇ ಬರೆದುಕೊಂಡಳು. ಮುಂದಿನ ನಾಲ್ಕು ರವಿವಾರ ತಾಯಿ ಮಗಳು ಅದೇ ಕಟ್ಟೆಯ ಮೇಲೆ ಕುಳಿತು ಹಾಳೆ ತೆಗೆದರು, ಹಾಕಿದರು. ಏಳು ಪರದೆ ಎರಡಾದವು. ಮೊದಲನೆಯದರಲ್ಲಿ ಒಂದರಿಂದ ನಾಲ್ಕರವರೆಗೆ ಅಂಕಿ, ಒಂದೊಂದು ತಾಲ್ಲೂಕಿಗೆ ಒಂದು. ಎರಡನೆಯದರಲ್ಲಿ ದವಾಖಾನೆಗಳ ಪಟ್ಟಿ. ಇಂಜೆಕ್ಷನ್ ಇದ್ದಲ್ಲಿ ಹಸಿರು ಚುಕ್ಕಿ, ಇಲ್ಲದಲ್ಲಿ ಕೆಂಪು ಕತ್ತರಿ ಗುರುತು. ಹೆಸರಿನ ಮೇಲೆ ಒತ್ತಿದರೆ ಅಲ್ಲಿಗೇ ಫೋನು ಹೋಗಬೇಕು. ಒಂದೇ ಕೈಯಲ್ಲಿ, ಹೆಬ್ಬೆರಳಿನಿಂದ ಆಗಬೇಕು.

ಪರದೆಯ ಕೆಲಸ ಮುಗಿದರೂ ಆ ಚುಕ್ಕಿಯ ಬಣ್ಣವನ್ನು ಯಾರು ಹೇಳುವವರು ಎನ್ನುವುದು ಉಳಿದಿತ್ತು. ರೇಣುಕಾ ರಜೆಯ ದಿನಗಳಲ್ಲಿ ನಾಲ್ಕು ತಾಲ್ಲೂಕಿನ ದವಾಖಾನೆಗಳನ್ನು ಒಂದೊಂದಾಗಿ ಸುತ್ತಿದಳು. ನಿಡಗುಂದಿಯಲ್ಲಿ ಬಸ್ಸು ಬದಲಿಸಿ, ತಾಂಬಾದಲ್ಲಿ ಟಂಟಂ ಗಾಡಿ ಹಿಡಿದು, ಕೆಲವು ಕಡೆ ಮೂರು ಮೈಲಿ ನಡೆದು ಒಟ್ಟು ಮೂವತ್ತೊಂದು ಕಡೆ ಹೋಗಿಬಂದಳು. ಬಹಳ ಕಡೆ, ಮೇಲಿನವರ ಹುಕುಮಿಲ್ಲದೆ ದಾಸ್ತಾನು ಹೇಳಲು ಬರುವುದಿಲ್ಲ ಎಂದರು. ಒಂದು ಕಡೆ ಅವಳನ್ನು ಪತ್ರಿಕೆಯವಳೆಂದು ತಿಳಿದು ಬಾಗಿಲಲ್ಲೇ ನಿಲ್ಲಿಸಿದರು.

ಮುದ್ದೇಬಿಹಾಳ ಕಡೆಯ ಒಂದು ಹಳ್ಳಿಯ ದವಾಖಾನೆಯಲ್ಲಿ ಶಮಶಾದಬಿ ಎಂಬ ನರ್ಸು ಸಿಕ್ಕಳು. ಐವತ್ತರ ಹೆಂಗಸು, ಮೂವತ್ತು ವರ್ಷದ ನೌಕರಿ. ಅವಳು ರೇಣುಕಾಳನ್ನು ಕೂಡಿಸಿ, ಚಹಾ ತರಿಸಿ, ದಾಸ್ತಾನಿನ ರಿಜಿಸ್ಟರು ತೆರೆದು ತೋರಿಸಿದಳು. ಅದರಲ್ಲಿ ಇಪ್ಪತ್ತು ಸೀಸೆ ಎಂದಿತ್ತು. ಆಮೇಲೆ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದಳು. ಒಳಗೆ ಇದ್ದದ್ದು ನಾಲ್ಕು. ಹನ್ನೆರಡು ಸೀಸೆಯ ಅವಧಿ ಮುಗಿದು ಬೇರೆ ಡಬ್ಬಿಗೆ ಹೋಗಿದ್ದವು, ನಾಲ್ಕು ಪಕ್ಕದ ದವಾಖಾನೆಗೆ ಕೊಟ್ಟದ್ದು ಬರೆಯುವುದು ಉಳಿದಿತ್ತು.

"ರಿಜಿಸ್ಟರ್ ನೋಡಿ ನಿನ್ನ ಮೊಬೈಲ್ ಹೇಳೂದಾದ್ರ ಅದನ್ನ ಮಾಡಬ್ಯಾಡವಾ," ಎಂದಳು. "ಫ್ರಿಜ್ ತಗದು ನೋಡಿದಾಕಿ ಹೇಳಬೇಕು. ನಾ ಮುಂಜಾನೆ ಎಂಟಕ್ಕ ಬರ್ತೇನಿ. ಎಂಟಕ್ಕ ನೋಡಿ ಹೇಳ್ತೇನಿ."

ಮೇಲಿನವರು ಬೈದರೆ ಏನು ಮಾಡುತ್ತೀರಿ ಎಂದು ರೇಣುಕಾ ಕೇಳಿದಳು. ಹುಳ ಮುಟ್ಟಿದವರನ್ನು ಕರೆತಂದವರು ಬಾಗಿಲಲ್ಲಿ ನಿಂತು ಕೇಳಿದರೆ ಹೇಳುವುದಿಲ್ಲವೇ, ಬಾಗಿಲಿಗೆ ಬರುವ ಮೊದಲೇ ಹೇಳಿದರೆ ಅಪರಾಧ ಹೇಗಾಗುತ್ತದೆ ಎಂದು ಶಮಶಾದಬಿ ತಿರುಗಿ ಕೇಳಿದಳು. ಅವಳೇ ಪರಿಚಯದ ನರ್ಸುಗಳಿಗೆ ಫೋನು ಹಚ್ಚಿ ಹೇಳಿದಳು. ಜುಲೈ ಮುಗಿಯುವಷ್ಟರಲ್ಲಿ ಮೂವತ್ತೊಂದರಲ್ಲಿ ಹನ್ನೊಂದು ದವಾಖಾನೆಯವರು ದಿನಾ ಮುಂಜಾನೆ ಒಂದು ಮೆಸೇಜು ಕಳಿಸಲು ಒಪ್ಪಿದರು.

ಉಳಿದ ಇಪ್ಪತ್ತರ ಮುಂದೆ ಏನು ತೋರಿಸುವುದು? ಹನ್ನೊಂದರಲ್ಲೂ ಯಾರಾದರೂ ಒಂದು ದಿನ ಹೇಳದಿದ್ದರೆ ಏನು ತೋರಿಸುವುದು? ಇದರ ಮೇಲೆ ರೇಣುಕಾ ಮತ್ತು ಅಮಿತ ಸಿಂದಗಿಯ ಕೇಂದ್ರದಲ್ಲಿ ಕುಳಿತು ಇಡೀ ಶನಿವಾರ ವಾದಿಸಿದರು. ನಿನ್ನೆಯದನ್ನೇ ತೋರಿಸೋಣ, ಎಲ್ಲ ಕಡೆ ಹಾಗೇ ಮಾಡುತ್ತಾರೆ ಎಂದು ಅಮಿತ ಹೇಳಿದ. ನಿನ್ನೆ ಸಂಜೆ ಒಬ್ಬರಿಗೇ ಹತ್ತು ಸೀಸೆ ಏರಿಸಿದ್ದರೆ ಇವತ್ತು ಏನೂ ಇರುವುದಿಲ್ಲ ಎಂದು ಅವಳು. ಖಾಲಿ ಪರದೆ ನೋಡಿ ಜನ ಪ್ರೋಗ್ರಾಮನ್ನೇ ತೆಗೆದುಹಾಕುತ್ತಾರೆ ಎಂದು ಅವನು. ಹಾಕಲಿ, ಸುಳ್ಳು ನಂಬಿ ಹೋಗುವುದಕ್ಕಿಂತ ವಾಸಿ ಎಂದು ಅವಳು. ಕೊನೆಗೆ ಅವಳು ಮೂರನೆಯ ಗುರುತೊಂದನ್ನು ಬರೆದಳು. ಬಣ್ಣವಿಲ್ಲದ ಖಾಲಿ ಚೌಕ, ಅದರೊಳಗೆ ಫೋನಿನ ಚಿತ್ರ. ಇಲ್ಲಿಯದು ಗೊತ್ತಿಲ್ಲ, ಕೇಳಿಕೊಂಡು ಹೋಗಿ ಎಂದು ಅರ್ಥ. ಹಸಿರು ಚುಕ್ಕಿಯ ಪಕ್ಕದಲ್ಲಿ ಹೇಳಿದ ಹೊತ್ತು ಬರಬೇಕು. ಮರುದಿನ ಎಂಟೂವರೆಯ ತನಕ ಹೊಸ ಮೆಸೇಜು ಬಾರದಿದ್ದರೆ ಚುಕ್ಕಿ ತಾನಾಗಿಯೇ ಅಳಿದು ಚೌಕವಾಗಬೇಕು. ಅಮಿತ ಬಹಳ ಹೊತ್ತು ಹಾಳೆ ನೋಡುತ್ತ ಕುಳಿತ.

ಜುಲೈ ಮೂವತ್ತರಂದು ಬಾಗೇವಾಡಿಯ ಶ್ರೀಶೈಲನ ಮನೆಯಲ್ಲಿ ಟ್ರಸ್ಟಿನ ಸಭೆ ಸೇರಿತು. ಓದು ಬಾರದವರೂ ಒತ್ತಬಲ್ಲರೆಂದು ತೋರಿಸಲು ರೇಣುಕಾ ತಾಯಿಯನ್ನೂ ಕರೆದುಕೊಂಡು ಹೋಗಿದ್ದಳು. ರೇವವ್ವ ಇಳಕಲ್ ಸೀರೆಯುಟ್ಟು, ಸೆರಗಿನೊಳಗೆ ಬಲಗೈ ಮುಚ್ಚಿಕೊಂಡು, ಕುರ್ಚಿಯ ತುದಿಯಲ್ಲಿ ಕುಳಿತಳು. ರಟ್ಟಿನ ಮೊಬೈಲಿನಲ್ಲಿ ಅವಳು ಎರಡು ಸಲ ಒತ್ತಿ ದವಾಖಾನೆ ಹಿಡಿದಾಗ ಸದಸ್ಯರು ಮೆಚ್ಚಿದರು. ತಂದೆಯ ಭಾವಚಿತ್ರ ಕಾಣದ್ದು ಶ್ರೀಶೈಲನಿಗೆ ನೋವಾಯಿತು, ಆದರೆ ನುಂಗಿಕೊಂಡ. ಪಟ್ಟಿಯಲ್ಲಿ ಇಪ್ಪತ್ತು ಖಾಲಿ ಚೌಕ ಕಂಡಾಗ ಮಾತ್ರ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಮಂತ್ರಿಗಳು ಸಾವಿರ ಜನರ ಮುಂದೆ ಗುಂಡಿ ಒತ್ತಿದಾಗ ಗೊತ್ತಿಲ್ಲ, ಗೊತ್ತಿಲ್ಲ ಎಂದು ಬರಬೇಕೇನು ಎಂದು ಕೇಳಿದ.

"ನೋಡವಾ ರೇಣುಕಾ," ಎಂದ ಆಮೇಲೆ, ದನಿ ತಗ್ಗಿಸಿ. "ಸರಕಾರದಾಗಿಂದ ಎಲ್ಲಾ ದವಾಖಾನಿಗೂ ಸಪ್ಲಾಯ್ ಆಗಿರ್ತೈತಿ. ಅದೊಂದ ದಿನ ಎಲ್ಲಾದಕ್ಕೂ ಹಸಿರು ಹಾಕು. ಮರುದಿವಸ ನಿನ್ನ ಮನಸ್ಸಿಗೆ ಬಂದಂಗ ತಿದ್ದಿಕೋ."

"ಆಗೂದಿಲ್ರಿ ಸರ್."

ಅವಳ ಉತ್ತರಕ್ಕೆ ಕೋಣೆಯಲ್ಲಿದ್ದ ಯಾರೂ ಸಿದ್ಧರಿರಲಿಲ್ಲ. ಅವನ ಕೇಂದ್ರದಲ್ಲಿ ಕೆಲಸ ಮಾಡುವ ಹುಡುಗಿ, ಅವನ ಮನೆಯ ಸಭೆಯಲ್ಲಿ, ಕುಳಿತಲ್ಲಿಂದ ಏಳದೆ ಹೇಳಿದ ಮಾತು ಅದು. ಶ್ರೀಶೈಲ ಸಿಟ್ಟು ತೋರಿಸಲಿಲ್ಲ. ರೇವವ್ವನ ಕಡೆ ತಿರುಗಿ, ನೀವಾದರೂ ಮಗಳಿಗೆ ಹೇಳಿರಿ, ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಇರುವುದು ಒಳ್ಳೆಯದಲ್ಲವೇ ಎಂದು ವಿನಯದಿಂದಲೇ ಕೇಳಿದ.

ರೇವವ್ವ ಸೆರಗು ಸರಿಸಿ ಬಲಗೈಯನ್ನು ಮೇಜಿನ ಮೇಲಿಟ್ಟಳು.

"ಸಾವ್ಕಾರ್ರ, ಅವತ್ತ ಮೊದಲನೇ ದವಾಖಾನ್ಯಾಗ ಇಲ್ಲ ಅಂದ್ರು. ನಾವು ಸೀದಾ ಬಿಜಾಪುರಕ್ಕ ಹೊಂಟಿದ್ವಿ. ಹಾದ್ಯಾಗ ಚಾದ ಅಂಗಡಿ ಮುಂದ ಒಬ್ಬ ಶ್ಯಾಣ್ಯಾ ನಿಂತಿದ್ದ. ಆಚಿ ಊರಾಗ ಐತಿ, ನನಗ ಪಕ್ಕಾ ಗೊತ್ತೈತಿ, ಅಲ್ಲೇ ಹೋಗ್ರಿ ಅಂದ. ಅವನ ಮಾತ ಕೇಳಿ ಗಾಡಿ ತಿರುವಿದ್ವಿ. ಅಲ್ಲಿ ಏನೂ ಇರಲಿಲ್ಲ. ಅಂವ ಗೊತ್ತಿಲ್ಲ ಅಂದಿದ್ರ ನನ್ನ ಬೆರಳು ಉಳೀತಿದ್ವು."

ರೇಣುಕಾ ಈ ಮಾತನ್ನು ಕೇಳುತ್ತಿದ್ದುದು ಅದೇ ಮೊದಲು. ಮೂರು ವರ್ಷದಿಂದ ತಾಯಿ ಇದನ್ನು ಒಳಗಿಟ್ಟುಕೊಂಡಿದ್ದಳು. ಯಾಕೆ ಹೇಳಲಿಲ್ಲ ಎಂದು ಆಮೇಲೆ ಬಸ್ಸಿನಲ್ಲಿ ಕೇಳಿದಾಗ, ಪಾಪ ಅವನು ಒಳ್ಳೆಯದಕ್ಕೇ ಹೇಳಿದ್ದ, ದೂರುವುದೇಕೆ ಎಂದು ಸುಮ್ಮನಿದ್ದೆ ಎಂದಳು.

ಸಭೆಯಲ್ಲಿ ಶ್ರೀಶೈಲ ಆ ಕೈಯನ್ನು ನೋಡಿದ, ಕಣ್ಣು ತೆಗೆದ. ಅವನ ಮನಸ್ಸು ಒಂದು ಕ್ಷಣ ಹಿಂದೆ ಸರಿಯಿತೆಂದು ರೇಣುಕಾಳಿಗೆ ಅನಿಸಿತು. ಆದರೆ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂದಿತ್ತು, ಮಂತ್ರಿಗಳ ದಿನಾಂಕ ಸಿಕ್ಕಿತ್ತು. ರೇಣುಕಾಳ ಕೆಲಸ ಇಲ್ಲಿಗೆ ಮುಗಿಯಿತು, ಮುಂದಿನದನ್ನು ಅಮಿತ ಹತ್ತು ದಿನದಲ್ಲಿ ಕಟ್ಟುತ್ತಾನೆ ಎಂದ.

ಗೋಡೆಗೊರಗಿ ಕುಳಿತಿದ್ದ ಅಮಿತ ಎದ್ದು ನಿಂತ. ಅವನು ಮೆತ್ತಗಿನ ಹುಡುಗ, ದೊಡ್ಡವರ ಮುಂದೆ ದನಿ ಏಳುತ್ತಿರಲಿಲ್ಲ.

"ಹತ್ತ ದಿನದಾಗ ಬರೀಬಹುದ್ರಿ ಸರ್. ಆದ್ರ ಐತಿ ಅಂತ ತೋರಿಸಿದಲ್ಲಿ ಯಾರು ಹೇಳಿದ್ರು, ಯಾವಾಗ ಹೇಳಿದ್ರು ಅನ್ನೂದು ಇರಲಿಲ್ಲಂದ್ರ ನಾ ಬರ್ಯಾಂಗಿಲ್ರಿ."

ಶ್ರೀಶೈಲ ರೇಣುಕಾಳ ಕಡೆ ಕೈ ಚಾಚಿ, ವಹಿ ಟ್ರಸ್ಟಿನದು, ಇಟ್ಟು ಹೋಗು ಎಂದ. ಎರಡು ತಿಂಗಳ ಕೆಲಸ ಅದರಲ್ಲಿತ್ತು. ಮೂವತ್ತೊಂದು ದವಾಖಾನೆಯ ವಿವರ, ಬಸ್ಸಿನ ಹೊತ್ತು, ನರ್ಸುಗಳ ನಂಬರು, ತಾಯಿ ಆಡಿದ ಮಾತುಗಳು. ಅವಳು ವಹಿಯನ್ನು ಮೇಜಿನ ಮೇಲಿಟ್ಟು, "ಹಾಳಿ ನಿಮ್ಮವು, ಇಟ್ಕೋರಿ. ನಾ ಮತ್ತ ಬರೀತೇನಿ," ಎಂದು ಹೇಳಿ ತಾಯಿಯ ಜೊತೆ ಹೊರಬಂದಳು. ಆಗಸ್ಟ್ ಹದಿನೈದರಂದು ಟ್ರಸ್ಟಿನ ಸಮಾರಂಭ ನಡೆಯಿತು. ಮಂತ್ರಿಗಳು ಪಂಚಾಂಗದ ಪ್ರೋಗ್ರಾಮು ಉದ್ಘಾಟಿಸಿದರೆಂದು ಪತ್ರಿಕೆಯಲ್ಲಿ ಬಂತು.

ಸಿಂದಗಿಯ ಕೆಲಸ ಹೋಯಿತು. ರೇಣುಕಾ ಇಂಡಿಯಲ್ಲಿ ಲಗ್ನಪತ್ರಿಕೆ, ಅರ್ಜಿ ಟೈಪು ಮಾಡುವ ಒಂದು ಡಿಟಿಪಿ ಅಂಗಡಿಗೆ ಸೇರಿದಳು. ವಹಿಯನ್ನು ನೆನಪಿನಿಂದ ಮತ್ತೆ ಬರೆದಳು. ನಂಬರುಗಳು ಅವಳ ಮೊಬೈಲಿನಲ್ಲಿಯೂ ಇದ್ದವು. ನೂರಿಪ್ಪತ್ತು ಪುಟ ಇದ್ದದ್ದು ಈ ಸಲ ಮೂವತ್ತೆರಡಕ್ಕೆ ಮುಗಿಯಿತು. ಬಿಟ್ಟುಹೋದದ್ದನ್ನು ಹುಡುಕಿದರೆ ಬೇಕಾದದ್ದು ಯಾವುದೂ ಬಿಟ್ಟಿರಲಿಲ್ಲ.

ಅಮಿತ ರವಿವಾರ ಬರುತ್ತಿದ್ದ. ಇನ್ನು ಶುರು ಮಾಡಲೇ ಎಂದು ಕೇಳಿದ. ಅವಳು ಬೇಡವೆಂದಳು. ಮೊದಲು ಪ್ರೋಗ್ರಾಮಿಲ್ಲದೆ ನಡೆಸಿ ನೋಡೋಣ, ಎಲ್ಲಿ ಮುರಿಯುತ್ತದೆ ಎಂದು ತಿಳಿಯಲಿ ಎಂದಳು. ಹನ್ನೊಂದು ಕಡೆಯ ನರ್ಸುಗಳು ಮುಂಜಾನೆ ಎಂಟಕ್ಕೆ ಅವಳ ಮೊಬೈಲಿಗೆ ಮೆಸೇಜು ಕಳಿಸುವುದು. ಅವಳು ಅಂಗಡಿಯ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಗುರುತು ಹಾಕುವುದು. ಸುತ್ತಲ ಹಳ್ಳಿಗಳ ಹಿಟ್ಟಿನ ಗಿರಣಿಗಳ ಗೋಡೆಯ ಮೇಲೆ ಸುಣ್ಣದಲ್ಲಿ ಅವಳ ನಂಬರು ಬರೆಸಿದರು. ಹುಳ ಮುಟ್ಟಿದರೆ ಇದಕ್ಕೆ ಫೋನು ಹಚ್ಚಿರಿ.

ಆ ಮಳೆಗಾಲದಲ್ಲಿ ನಲವತ್ಮೂರು ಫೋನು ಬಂದವು. ಪ್ರತಿಯೊಬ್ಬರೂ ಮೊದಲು ಏನು ಹೇಳಿದರು ಎಂದು ಅವಳು ಬರೆದಿಟ್ಟಳು. ಯಾರೂ ತಮ್ಮ ತಾಲ್ಲೂಕಿನ ಹೆಸರು ಹೇಳಲಿಲ್ಲ. ಎಲ್ಲರೂ ಹೇಳುತ್ತಿದ್ದುದು ತಾವು ನಿಂತ ಜಾಗ, ಹತ್ತಿರದ ಬಸ್ಸಿನ ದಾರಿ. ತಾಲ್ಲೂಕಿನ ಪರದೆ ಹೋಗಿ ದಾರಿಯ ಪರದೆ ಬಂತು. ರವಿವಾರ ನರ್ಸುಗಳಿಗೆ ರಜೆ, ಮೆಸೇಜು ಬರುತ್ತಿರಲಿಲ್ಲ. ಅದಕ್ಕೆ ಕಾವಲುಗಾರರ ನಂಬರು ಹಿಡಿಯಬೇಕಾಯಿತು. ಹೀಗೆ ವಾರಕ್ಕೊಮ್ಮೆ ಹಾಳೆ ಹರಿದು ಹೊಸದು ಬರೆದರು.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ತಾಂಬಾದ ಕಡೆಯಿಂದ ಅಪ್ಪಾಸಾಬ ಎಂಬ ರೈತ ಫೋನು ಮಾಡಿದ. ನಿಂಬೆ ತೋಟದಲ್ಲಿ ಕಸ ಕೀಳುವಾಗ ಹೆಂಡತಿಯ ಪಾದಕ್ಕೆ ಕಚ್ಚಿತ್ತು. ಅವನಿಗೆ ಎಲ್ಲಕ್ಕಿಂತ ಹತ್ತಿರದ ದವಾಖಾನೆಯ ಮುಂದೆ ಅವತ್ತು ಖಾಲಿ ಚೌಕವಿತ್ತು. ರೇಣುಕಾ ಅಲ್ಲಿಗೆ ಫೋನು ಹಚ್ಚಿದರೆ ಯಾರೂ ಎತ್ತಲಿಲ್ಲ. ಗೊತ್ತಿಲ್ಲ ಎಂದು ಅವನಿಗೆ ಹೇಳಿದಳು. ಗೊತ್ತಿಲ್ಲದಿದ್ದರೆ ಗೋಡೆಯ ಮೇಲೆ ನಂಬರು ಯಾಕೆ ಬರೆಸಿದ್ದೀ ಎಂದು ಅವನು ಬಾಯಿಗೆ ಬಂದಂತೆ ಬೈದ. ಅವಳು ಬೈಗುಳ ಮುಗಿಯುವವರೆಗೆ ಕಾಯದೆ, ಇಂಡಿಯ ದಾರಿಯಲ್ಲಿ ಒಂದು ಕಡೆ ಹದಿನಾಲ್ಕು ಸೀಸೆ ಇವೆ, ಮುಂಜಾನೆ ಎಂಟಕ್ಕೆ ನೋಡಿದ್ದಾರೆ, ನಾನು ಈಗ ಹೇಳಿಡುತ್ತೇನೆ, ಕಾಲು ಅಲುಗಾಡಿಸದೆ ಕರೆತನ್ನಿ ಎಂದಳು. ಎರಡು ತಾಸಿನ ನಂತರ ಆ ದವಾಖಾನೆಯಿಂದ ಫೋನು ಬಂತು. ಇಂಜೆಕ್ಷನ್ ಏರಿಸಲು ಶುರುಮಾಡಿದ್ದರು. ಹೆಂಗಸು ಎಂಟು ದಿನಕ್ಕೆ ಮನೆಗೆ ಹೋದಳು. ಅಪ್ಪಾಸಾಬ ಮತ್ತೆ ಫೋನು ಮಾಡಲಿಲ್ಲ, ಬೈದದ್ದಕ್ಕೆ ತಪ್ಪಾಯಿತು ಎನ್ನಲೂ ಇಲ್ಲ. ಇಂಡಿಯ ಸಂತೆಗೆ ಬಂದಾಗ ಅಂಗಡಿಯ ಮುಂದೆ ಒಂದು ಚೀಲ ನಿಂಬೆಹಣ್ಣು ಇಟ್ಟು ಹೋಗಿದ್ದ.

ನಲವತ್ಮೂರು ಜನರಲ್ಲಿ ಇಬ್ಬರು ಉಳಿಯಲಿಲ್ಲ. ಒಬ್ಬನನ್ನು ಮೊದಲು ಮಂತ್ರದವರ ಹತ್ತಿರ ಒಯ್ದಿದ್ದರು. ಇನ್ನೊಬ್ಬಳಿಗೆ ಗಾಡಿ ಸಿಗಲಿಲ್ಲ. ರೇಣುಕಾ ಎರಡನ್ನೂ ವಹಿಯಲ್ಲಿ ಬರೆದು, ಹಳ್ಳಿಗೊಬ್ಬ ಗಾಡಿಯವನ ನಂಬರು ಎಂದು ಕೆಳಗೆ ಹೊಸ ಸಾಲು ಸೇರಿಸಿದಳು.

ನವೆಂಬರಿನಲ್ಲಿ ಶ್ರೀಶೈಲ ಅಮಿತನ ಕೈಯಲ್ಲಿ ಮಾತು ಕಳಿಸಿದ. ಹಳೆಯ ವಹಿಯನ್ನೂ ಕಳಿಸಿದ್ದ. ಖಾಲಿ ಚೌಕ ಇರಲಿ, ಟ್ರಸ್ಟು ಖರ್ಚು ನೋಡಿಕೊಳ್ಳುತ್ತದೆ, ಮೊದಲ ಪರದೆಯ ಮೇಲೆ ತಂದೆಯವರ ಹೆಸರೊಂದು ಬರಲಿ, ಇಷ್ಟೇ ಎಂದ. ಅವನು ಅಷ್ಟು ಇಳಿದು ಬಂದದ್ದು ರೇಣುಕಾಳಿಗೆ ಸಣ್ಣ ಮಾತೆನಿಸಲಿಲ್ಲ. ಮೂರು ದಿನ ಯೋಚಿಸಿದಳು. ಆಮೇಲೆ ಕೈಬರಹದಲ್ಲಿ ಪತ್ರ ಬರೆದಳು. ಮೊದಲ ಪರದೆಯ ಮೇಲೆ ಯಾರ ಹೆಸರೂ ಬರುವುದಿಲ್ಲ, ನನ್ನದೂ ಬರುವುದಿಲ್ಲ, ಇದಕ್ಕೆ ಒಪ್ಪಿದರೆ ನೀವು ದೊಡ್ಡವರಾಗಿ ಜೊತೆಗಿರಬೇಕು ಎಂದು. ಉತ್ತರ ಬರಲಿಲ್ಲ. ಅವಳು ಕಾಯಲೂ ಇಲ್ಲ. ಡಿಸೆಂಬರಿನ ಮೊದಲ ಸೋಮವಾರ ಶುರು ಮಾಡು ಎಂದು ಅಮಿತನಿಗೆ ಹೇಳಿದಳು.

ಆ ಸೋಮವಾರಕ್ಕೆ ಎರಡು ದಿನ ಮೊದಲು ಶಮಶಾದಬಿಗೆ ಮೇಲಿನ ಕಚೇರಿಯಿಂದ ನೋಟೀಸು ಬಂತು. ದಾಸ್ತಾನಿನ ಮಾಹಿತಿಯನ್ನು ಹೊರಗಿನವರಿಗೆ ಯಾಕೆ ಕೊಡುತ್ತಿದ್ದೀರಿ, ಏಳು ದಿನದಲ್ಲಿ ಉತ್ತರ ಕೊಡಿ. ರೇಣುಕಾ ಸುದ್ದಿ ಕೇಳಿ ಮುದ್ದೇಬಿಹಾಳದ ಬಸ್ಸು ಹತ್ತಿದಳು. ನೌಕರಿ ಮುಗಿಯಲು ಎಂಟು ವರ್ಷ ಉಳಿದ ಹೆಂಗಸು. ನಿಮ್ಮ ದವಾಖಾನೆಯನ್ನು ಪಟ್ಟಿಯಿಂದ ತೆಗೆಯುತ್ತೇನೆ, ನೀವು ಮೆಸೇಜು ಕಳಿಸುವುದು ಬೇಡ ಎಂದಳು. ಶಮಶಾದಬಿ ಒಳಗಿನಿಂದ ಬಿಳಿ ಹಾಳೆ ತಂದು ಕೊಟ್ಟಳು. ಉತ್ತರವನ್ನು ಆಗಲೇ ಬರೆದಿದ್ದಳು. ಎರಡೇ ಸಾಲು. ಹಾವು ಕಚ್ಚಿದವರ ಕಡೆಯವರು ಕೇಳಿದರು, ಹೇಳಿದ್ದೇನೆ. ಇನ್ನು ಮುಂದೆ ಕೇಳಿದರೂ ಹೇಳುತ್ತೇನೆ.

"ಇಷ್ಟ ಬರದ್ರ ನಡೀತೈತೇನ್ರಿ ಅಕ್ಕಾ?" ಎಂದು ರೇಣುಕಾ ಕೇಳಿದಳು.

"ಇದಕ್ಕಿಂತ ಹೆಚ್ಚಿಗಿ ಬರದ್ರ ಮಾಫಿ ಕೇಳಿದಂಗ ಆಕ್ಕೈತಿ," ಎಂದಳು ಶಮಶಾದಬಿ.

ಸೋಮವಾರ ಮುಂಜಾನೆ ಇಂಡಿಯ ಅಂಗಡಿಯಲ್ಲಿ ಅಮಿತ ಕಂಪ್ಯೂಟರಿನ ಮುಂದೆ ಕುಳಿತ. ಗೋಡೆಯ ಮೇಲೆ ಹಾಳೆಗಳ ಸಾಲು, ಮಡಿಲಲ್ಲಿ ಮೂವತ್ತೆರಡು ಪುಟದ ವಹಿ. ಯಾವುದರಿಂದ ಶುರು ಮಾಡಲಿ ಎಂದು ಕೇಳಿದ. ಗೊತ್ತಿಲ್ಲ ಎನ್ನುವುದರಿಂದ ಎಂದು ರೇಣುಕಾ ಹೇಳಿದಳು. ಎಲ್ಲ ದವಾಖಾನೆಗಳೂ ಮೊದಲು ಖಾಲಿ ಚೌಕವಾಗಿರಲಿ, ಯಾರಾದರೂ ಕಣ್ಣಾರೆ ನೋಡಿ ಹೇಳಿದ ಮೇಲಷ್ಟೇ ಬಣ್ಣ ಬರಲಿ. ಅವನು ಟೈಪು ಮಾಡತೊಡಗಿದ. ಎಂಟು ದಾಟಿ ಎರಡು ನಿಮಿಷವಾದಾಗ ಅವಳ ಮೊಬೈಲು ಸದ್ದು ಮಾಡಿತು. ಶಮಶಾದಬಿಯ ಮೆಸೇಜು, ದಿನದಂತೆ ಬರೀ ಒಂದು ಅಂಕಿ. ಆರು ಸೀಸೆ.